ತಾಮ್ರದ ಸುರುಳಿ ಮತ್ತು ಸಾರಿನ ಪಾತ್ರೆ

ಅಮ್ಮ ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಅವಳ ಸಾರಿನ ಮಾತೇ ಆಡಿದರು. ಎದುರುಮನೆಯವರು, ಅಪ್ಪನ ಬ್ಯಾಂಕಿನ ಹಳೆಯ ಗೆಳೆಯರು, ಗಾಂಧಿ ಬಜಾರಿನಿಂದ ನಡೆದುಕೊಂಡೇ ಬಂದ ಸೋದರತ್ತೆ, ಎಲ್ಲರೂ ಚಾಪೆಯ ಮೇಲೆ ಕೂತು ಅದನ್ನೇ ಹೇಳಿದರು. ಅಂಥ ಸಾರು ಇನ್ನು ಯಾರ ಮನೆಯಲ್ಲಿ ಸಿಗುತ್ತದೆ, ಆ ಕೈಯ ರುಚಿಯೇ ಬೇರೆ, ಅನ್ನಪೂರ್ಣೆ. ನಾನು ತಲೆಯಾಡಿಸಿದೆ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ನನಗೆ ಬುದ್ಧಿ ತಿಳಿದ ಮೊದಲ ವರ್ಷಗಳಲ್ಲಿ ಅಮ್ಮ ನಮ್ಮ ಅಡುಗೆಮನೆಯ ಹೊಸಿಲು ದಾಟಿದವಳೇ ಅಲ್ಲ ಎಂಬುದು ಅವರಲ್ಲಿ ಯಾರಿಗೂ ನೆನಪಿರಲಿಲ್ಲ. ಅವಳು ಕಾರ್ಖಾನೆಯಲ್ಲಿ ತಂತಿಯ ಕಾಯಿಲ್ ಸುತ್ತುವವಳಾಗಿದ್ದಳು. ಅಪ್ಪ ಹೋಗಿ ವರ್ಷಗಳಾದವು, ಅಜ್ಜಿ ಅದಕ್ಕೂ ಮುಂಚೆಯೇ ಹೋದರು. ಹೇಳಬಲ್ಲವಳು ನಾನೊಬ್ಬಳೇ ಉಳಿದಿರುವುದರಿಂದ, ದಣಿವಾಗಿದ್ದರೂ, ಬರೆಯುತ್ತಿದ್ದೇನೆ.

ಚಾಮರಾಜಪೇಟೆಯ ನಮ್ಮ ಮನೆ ರೈಲುಡಬ್ಬಿಯ ಹಾಗೆ ಉದ್ದಕ್ಕಿತ್ತು. ಬೀದಿಗೆ ಕಿಟಕಿಯಿದ್ದ ಮುಂದಿನ ಕೋಣೆ, ಅದರ ಹಿಂದೆ ನಡುಮನೆ, ಗೋಡೆಯಲ್ಲಿ ದೇವರ ಗೂಡು, ಆಮೇಲೆ ಅಡುಗೆಮನೆ, ಕೊನೆಗೆ ಬಚ್ಚಲು ಮತ್ತು ಒಂದು ತುಂಡು ಹಿತ್ತಿಲು. ಅಡುಗೆಮನೆ ಅಜ್ಜಿಯದು. ಅಜ್ಜಿ ಎಂದರೆ ಅಪ್ಪನ ತಾಯಿ. ಬೆಳಿಗ್ಗೆ ತಣ್ಣೀರು ಸುರಿದುಕೊಂಡು ಮಡಿಸೀರೆ ಉಟ್ಟು ಒಳಗೆ ಹೋದರೆ ಊಟ ಬಡಿಸುವವರೆಗೆ ಅವರನ್ನು ಯಾರೂ ಮುಟ್ಟುವಂತಿರಲಿಲ್ಲ. ಅಮ್ಮ ಅಷ್ಟರಲ್ಲಿ ಕಾರ್ಖಾನೆಯ ಬಸ್ಸು ಹತ್ತಿ ಆಗಿರುತ್ತಿತ್ತು. ಟೆಲಿಫೋನಿನ ಭಾಗಗಳನ್ನು ಮಾಡುವ ಕಾರ್ಖಾನೆ ಅದು. ಉದ್ದದ ಹಾಲಿನಲ್ಲಿ ಸಾಲಾಗಿ ಕೂತ ಹೆಂಗಸರು ಕೂದಲಿನಷ್ಟು ತೆಳುವಾದ ತಂತಿಯನ್ನು ಪುಟ್ಟ ಉರುಳೆಗಳಿಗೆ ಸುತ್ತುತ್ತಿದ್ದರಂತೆ. ಸಂಜೆ ಅವಳು ಬಂದಾಗ ಮೈಯಿಂದ ವಾರ್ನಿಷಿನ ವಾಸನೆ ಬರುತ್ತಿತ್ತು. ಆ ವಾಸನೆ ಅಡುಗೆಮನೆಗೆ ಆಗದು. ಮದುವೆಯಾದ ಹೊಸದರಲ್ಲಿ ಅಜ್ಜಿ ಅದನ್ನು ಒಮ್ಮೆ ಹೇಳಿದ್ದರು, ಅಮ್ಮ ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ಆಮೇಲೆ ಅವರಿಬ್ಬರ ನಡುವೆ ನೇರ ಮಾತು ತೆಳ್ಳಗಾಗುತ್ತ ಬಂದು, ನಾನು ಮಾತು ಕಲಿತ ಮೇಲೆ ಪೂರ್ತಿ ನಿಂತೇಹೋಯಿತು. ನನ್ನ ಮೂಲಕವೇ ಎಲ್ಲ.

"ಲೇ ಪುಟ್ಟಿ, ನಿಮ್ಮಮ್ಮಂಗೆ ಹೇಳು, ಊಟಕ್ಕೆ ಆಗಿದೆ ಅಂತ."

"ಪುಟ್ಟಿ, ಅಜ್ಜಿಗೆ ಹೇಳು, ಬಂದೆ ಅಂತ."

ಇಬ್ಬರೂ ಒಂದೇ ನಡುಮನೆಯಲ್ಲಿ ನಿಂತಿರುತ್ತಿದ್ದರು. ನಾನು ಇಬ್ಬರ ಕಡೆಗೂ ತಿರುಗಿ ತಿರುಗಿ ಹೇಳುತ್ತಿದ್ದೆ. ಎಲ್ಲ ಮನೆಗಳಲ್ಲೂ ಮಕ್ಕಳು ಇದಕ್ಕೇ ಇರುತ್ತಾರೆ ಎಂದುಕೊಂಡಿದ್ದೆ.

ಕಾರ್ಖಾನೆಗೆ ಕೆಲಸ ಕಡಿಮೆಯಾಯಿತು, ಬಸ್ಸುಗಳು ಕಡಿಮೆಯಾದವು, ಕೊನೆಗೆ ಹೆಂಗಸರ ಹಾಲಿಗೇ ಬೀಗ ಬಿತ್ತು. ಅದಕ್ಕೆ ಸ್ವಯಂ ನಿವೃತ್ತಿ ಎಂದು ಒಂದು ಹೆಸರು ಕೊಟ್ಟು ಅಮ್ಮನನ್ನು ಕಳಿಸಿದರು. ಆಮೇಲಿನ ಬೆಳಗುಗಳಲ್ಲೂ ಅವಳು ಹಳೆಯ ಹೊತ್ತಿಗೇ ಎದ್ದು, ಸ್ನಾನ ಮಾಡಿ, ಜಡೆ ಹೆಣೆದು, ಪಿನ್ನು ಚುಚ್ಚಿದ ಸೀರೆಯಲ್ಲಿ ಮುಂದಿನ ಕೋಣೆಯ ಮೇಜಿನ ಮುಂದೆ ಕೂರುತ್ತಿದ್ದಳು. ಅಕ್ಕಪಕ್ಕದವರ ಕೆಟ್ಟ ರೇಡಿಯೋ, ಮಿಕ್ಸಿ, ಸುಟ್ಟ ಫ್ಯಾನು ಬಂದರೆ ಬಿಚ್ಚುತ್ತಿದ್ದಳು. ಇಲ್ಲದ ದಿನ ಕಿಟಕಿಯಾಚೆ ನೋಡುತ್ತಿದ್ದಳು. ಹೊರಗೆ ಹೋಗಿ ಬರುವ ಕೈ ಎಂಬ ನೆಪ ಈಗ ಇರಲಿಲ್ಲ, ಆದರೂ ಅಜ್ಜಿ ಒಳಗೆ ಬಾ ಎನ್ನಲಿಲ್ಲ. ಅಮ್ಮ ಕೇಳಲೂ ಇಲ್ಲ. ಒಂದು ಮಧ್ಯಾಹ್ನ ಅವಳು ನಡುಮನೆಯವರೆಗೆ ಬಂದು, ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು, ಅಜ್ಜಿ ತರಕಾರಿ ಹೆಚ್ಚುವುದನ್ನು ಸ್ವಲ್ಪ ಹೊತ್ತು ನೋಡಿ ಹಿಂದಕ್ಕೆ ಹೋದಳು. ಕೆಲಸ ಹೋದವಳಿಗೆ ಮನೆಯಲ್ಲಿ ನಿಲ್ಲಲು ಜಾಗವೇ ಇಲ್ಲ ಎಂದು ನನಗೆ ಆಗ ಹೊಳೆಯುವ ವಯಸ್ಸಲ್ಲ. ಬಳೆಯ ಸದ್ದು ದೂರವಾದದ್ದು ಮಾತ್ರ ನೆನಪಿದೆ.

ಆ ವರ್ಷವೇ ಕಲಾಯಿಯವನು ಬರುವುದು ನಿಂತಿತು. ಅಜ್ಜಿಯ ಅಡುಗೆಯೆಲ್ಲ ಹಿತ್ತಾಳೆಯ ಪಾತ್ರೆಗಳಲ್ಲಿ. ಒಳಮೈಗೆ ತವರದ ಲೇಪ ಇಲ್ಲದಿದ್ದರೆ ಹುಣಸೆಹುಳಿ ಹಿತ್ತಾಳೆಗೆ ತಾಗಿ ಕಿಲುಬು ಹಿಡಿಯುತ್ತದೆ. ಮೊದಲೆಲ್ಲ ಒಬ್ಬ ಮುದುಕ ತಿದಿ ಹೊತ್ತು ಬೀದಿಯಲ್ಲಿ ಕೂಗುತ್ತ ಬಂದು, ಮೋರಿಯ ಪಕ್ಕ ಗುಂಡಿ ತೋಡಿ ಇದ್ದಿಲು ಉರಿಸಿ, ಕಪ್ಪು ಪಾತ್ರೆಯನ್ನು ಬೆಳ್ಳಿಯಂತೆ ಮಾಡಿಕೊಟ್ಟು ಹೋಗುತ್ತಿದ್ದ. ಅವನು ಏನಾದನೋ ತಿಳಿಯಲಿಲ್ಲ. ನಗರ್ತಪೇಟೆಯ ಪಾತ್ರೆ ಅಂಗಡಿಗಳಲ್ಲಿ ವಿಚಾರಿಸಿ ಬಂದ ಅಪ್ಪ, ಈಗ ಯಾರೂ ಹಾಕಲ್ಲವಂತೆ ಎಂದರು. ಒಂದು ದಿನ ಸಾರು ಕಹಿಯಾಯಿತು. ಅಜ್ಜಿ ಪಾತ್ರೆಯ ತಳವನ್ನು ಬೆಳಕಿಗೆ ಹಿಡಿದು ನೋಡಿ, ಸಾರನ್ನು ಹಿತ್ತಿಲ ಮೋರಿಗೆ ಸುರಿದು, ಇನ್ನು ಸಾರು ಮಾಡುವುದಿಲ್ಲ ಎಂದರು. ಹಾಗೆಯೇ ಮಾಡಿದರು. ನಮಗೆ ಹುಳಿ ಹಾಕದ ಕೂಟು, ಪಲ್ಯ. ಅವರು ಮಾತ್ರ ಅನ್ನಕ್ಕೆ ಮಜ್ಜಿಗೆ, ಉಪ್ಪು.

"ಸ್ಟೀಲ್ ಪಾತ್ರೆ ತಂದುಕೊಡ್ತೀನಿ ಅಮ್ಮ," ಎಂದರು ಅಪ್ಪ.

"ತಂದು ನಿನ್ನ ಬ್ಯಾಂಕಲ್ಲಿ ಇಟ್ಕೋ."

"ಎಲ್ರೂ ಅದ್ರಲ್ಲೇ ಮಾಡ್ತಾರೆ."

"ಎಲ್ರೂ ಮಾಡಿದ್ದು ಎಲ್ರೂ ತಿನ್ನಲಿ. ನಂಗೆ ಮಜ್ಜಿಗೆ ಸಾಕು."

ಮಜ್ಜಿಗೆ ಅನ್ನ ತಿಂದು ತಿಂದು ಅಜ್ಜಿ ಬಡವಾದರು. ಮೊದಲೇ ದಮ್ಮು ಇದ್ದ ಜೀವ. ಅಪ್ಪ ಊಟದ ಎಲೆಯ ಮುಂದೆ ನಿಟ್ಟುಸಿರು ಬಿಡುತ್ತಿದ್ದರು. ಹೀಗೇ ಒಂದು ರಾತ್ರಿಯೂಟದಲ್ಲಿ ಅಮ್ಮ ತಲೆಯೆತ್ತದೆ ನನಗೆ ಹೇಳಿದಳು.

"ಪುಟ್ಟಿ, ಅಜ್ಜೀನ ಕೇಳು. ನಾನು ಕಲಾಯಿ ಹಾಕಿಕೊಟ್ರೆ ಆ ಪಾತ್ರೆ ಅಡುಗೆಮನೆ ಒಳಗೆ ತಗೊಳ್ತಾರಾ ಅಂತ."

ನಾನು ಕೇಳಿದೆ. ಅಜ್ಜಿ ಬಹಳ ಹೊತ್ತು ಅನ್ನ ಕಲಸಿದರು.

"ಮೊದಲು ಹಾಕಲಿ ಅಂತ ಹೇಳು. ತಗೊಳೋದು ಬಿಡೋದು ಆಮೇಲೆ."

ಅಪ್ಪನಿಗೆ ಇದು ಸುಲಭದ ಕೆಲಸ ಅನ್ನಿಸಿತು. ಪಂಪ್ ಸ್ಟೌ ಮೇಲೆ ಇಟ್ಟರೆ ಆಗಲ್ವಾ ಎಂದು ಕೇಳಿದರು. ಅಮ್ಮ ಹೇಳಿದ್ದು ನನಗೆ ಈಗಲೂ ಅದೇ ದನಿಯಲ್ಲಿ ಕೇಳಿಸುತ್ತದೆ.

"ಆಗತ್ತೆ ರೀ. ಸ್ಟೌ ಹತ್ಸೋಕೆ ಯಾರಾದ್ರೂ ಆಗತ್ತೆ. ನಂಗೆ ಗೊತ್ತಿರೋದು ಸುತ್ತೋದು. ನಂಗೆ ಗೊತ್ತಿರೋದರಲ್ಲೇ ಮಾಡ್ತೀನಿ."

ಕಾರ್ಖಾನೆಯಲ್ಲಿ ಲೋಹದ ತುಂಡುಗಳನ್ನು ಬೆಂಕಿಯಿಲ್ಲದೆ ಕಾಯಿಸುವ ಒಂದು ಯಂತ್ರವಿತ್ತಂತೆ. ಅದರ ಸುರುಳಿ ಕೆಟ್ಟಾಗ ಅಮ್ಮನ ಕೈಯಲ್ಲೇ ಸುತ್ತಿಸುತ್ತಿದ್ದರು. ತಾಮ್ರದ ಸುರುಳಿಯಲ್ಲಿ ಕರೆಂಟು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಸಾವಿರಾರು ಸಲ ಹಿಂದೆಮುಂದೆ ಹರಿದರೆ, ಅದರ ನಡುವೆ ಇಟ್ಟ ಲೋಹ ತಾನೇ ತಾನಾಗಿ ಕಾಯುತ್ತದೆ. ಸುರುಳಿ ಅದನ್ನು ಮುಟ್ಟಬೇಕಾಗಿಲ್ಲ. ಅಮ್ಮ ನನಗೆ ಇದನ್ನು ವಿವರಿಸಿದ್ದು ಇಷ್ಟೇ: "ಒಳಗಿರೋದಕ್ಕೆ ನಿಂತ್ಕೊಳೋಕೆ ಬಿಡಲ್ಲ ಕಣೇ. ಅಲ್ಲಾಡಿಸಿ ಅಲ್ಲಾಡಿಸಿ ಸುಸ್ತು ಮಾಡ್ಸತ್ತೆ. ಸುಸ್ತಾದ್ರೆ ಬಿಸಿ ಆಗತ್ತೆ." ಒಂದು ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ಅಂಥದ್ದರ ಸಣ್ಣ ಸರ್ಕ್ಯೂಟ್ ಬಂದಿತ್ತು. ಆ ಹಾಳೆಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ನನ್ನನ್ನೂ ಕರೆದುಕೊಂಡು ಎಸ್.ಪಿ. ರೋಡಿಗೆ ಹೋದಳು. ಮೂರು ಕಾಲಿನ ಕಪ್ಪು ಹುಳದಂಥ ಟ್ರಾನ್ಸಿಸ್ಟರು, ಕೆಪಾಸಿಟರು, ಶಾಖ ಹೀರುವ ಅಲ್ಯೂಮಿನಿಯಂ ತುಂಡುಗಳು. ಅಂಗಡಿಯವನು ಹಾಳೆಯನ್ನು ನೋಡಿ ನಕ್ಕ.

"ಮಗಂಗೆ ಕಾಲೇಜ್ ಪ್ರಾಜೆಕ್ಟಾ ಮೇಡಂ? ಮಗನ್ನೇ ಕಳ್ಸಿ, ನಿಮಗೆ ಗೊತ್ತಾಗಲ್ಲ."

"ಮಗ ಇಲ್ಲ. ಇದು ನಂದೇ. ಆ ಕೆಪಾಸಿಟರ್ ಬೇಡ, ಬಿಸಿ ಆಗಿ ಊದ್ಕೊಳತ್ತೆ, ಮೇಲಿನ ಡಬ್ಬೀದು ಕೊಡಿ."

"ಮನೇಲಿ ಏನ್ ಕಾಯಿಸ್ತೀರ ಮೇಡಂ ಇದ್ರಲ್ಲಿ?"

"ನಮ್ಮತ್ತೇನ."

ಅಂಗಡಿಯವನು ಜೋರಾಗಿ ನಕ್ಕ. ಅಮ್ಮನೂ ನಕ್ಕಳು. ಕೆಲಸ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲಿರಬೇಕು. ವಾಪಸ್ಸು ಬರುವಾಗ ಬಸ್ಸಿಗೆ ಕಾಯದೆ ನಡೆಸಿಕೊಂಡೇ ಬಂದಳು, ನನ್ನ ಕಾಲು ನೋಯುತ್ತಿದ್ದರೂ.

ಮೊದಲ ಪರೀಕ್ಷೆ ಒಂದು ಮಧ್ಯಾಹ್ನ, ಅಜ್ಜಿ ಮಲಗಿದ್ದಾಗ. ಟ್ರಾನ್ಸ್‌ಫಾರ್ಮರನ್ನು ಅಮ್ಮನೇ ಸುತ್ತಿದ್ದಳು. ದಪ್ಪ ತಂತಿಯ ಒಂದು ಚಿಕ್ಕ ಸುರುಳಿ ಮೇಜಿನ ಮೇಲೆ ಬಳೆಗಳ ಕಟ್ಟಿನ ಹಾಗೆ ನಿಂತಿತ್ತು. ಅದರೊಳಗೆ ಒಂದು ಮೊಳೆ ಇಟ್ಟು ಸ್ವಿಚ್ಚು ಒತ್ತಿದಳು. ಸಣ್ಣ ಗುಂಯ್ ಎಂಬ ಸದ್ದು, ಬೇರೆ ಏನೂ ಇಲ್ಲ. ನೋಡುತ್ತ ನೋಡುತ್ತ ಮೊಳೆಯ ನಡು ಮಂಕು ಕೆಂಪಾಗಿ, ಆಮೇಲೆ ಕಿತ್ತಳೆಯಾಯಿತು. ನಾನು ಕಿರುಚಿದೆ. ಅಮ್ಮ ನನ್ನ ಬಾಯಿ ಮುಚ್ಚಿ, ಹೋಗಿ ಒಗ್ಗರಣೆ ಸೌಟು ತಾ ಎಂದಳು. ಕಬ್ಬಿಣದ ಪುಟ್ಟ ಸೌಟು. ನಾನು ಬೆಕ್ಕಿನ ಹಾಗೆ ಹೋಗಿ ಅದನ್ನೂ ಒಂದಿಷ್ಟು ಎಣ್ಣೆ, ಸಾಸಿವೆ, ಇಂಗನ್ನೂ ತಂದೆ. ಸುರುಳಿಯ ಬಾಯಿಗೆ ಸೌಟು ಹಿಡಿದಳು. ಉರಿಯಿಲ್ಲ, ಹೊಗೆಯಿಲ್ಲ, ಎಣ್ಣೆ ಅಲೆಯಾಡಿತು, ಸಾಸಿವೆ ಚಟಪಟ ಎಂದಿತು, ಇಂಗಿನ ಘಮ ಮನೆಯ ಉದ್ದಕ್ಕೂ ಹರಿದುಹೋಯಿತು.

"ಯಾರೇ ಅದು ಮುಂದಿನ ಕೋಣೇಲಿ ಒಗ್ಗರಣೆ ಹಾಕಿದ್ದು?"

ಅಜ್ಜಿ ಸೆರಗು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಸೌಟನ್ನು ನೋಡಿದರು, ಮೇಜನ್ನು ನೋಡಿದರು, ಬಗ್ಗಿ ಮೇಜಿನ ಕೆಳಗೂ ನೋಡಿದರು.

"ಬೆಂಕಿ ಎಲ್ಲೇ ಪುಟ್ಟಿ?"

"ಬೆಂಕಿ ಇಲ್ಲ ಅಜ್ಜಿ."

ಅವರು ಸೌಟನ್ನು ಎರಡು ಬೆರಳಲ್ಲಿ ಹಿಡಿದು ಬಚ್ಚಲಿಗೆ ಒಯ್ದು ತಿಕ್ಕತೊಡಗಿದರು. ಸಂಜೆ ಇದನ್ನು ಕೇಳಿದ ಅಪ್ಪ ದನಿ ತಗ್ಗಿಸಿ, "ಬೆಂಕಿ ಇಲ್ದೆ ಸಾಸಿವೆ ಸಿಡಿಯೋದು ನಮ್ಮಮ್ಮನ ಬಾಯಲ್ಲಿ ಮಾತ್ರ ಅನ್ಕೊಂಡಿದ್ದೆ," ಎಂದರು. ಅಮ್ಮ ನಗಲು ಹೋಗಿ ಎದೆ ಹಿಡಿದುಕೊಂಡಳು. ಸೌಟು ಹಿಡಿದು ಬಗ್ಗಿದಾಗ ಮಾಂಗಲ್ಯದ ಸರ ಸುರುಳಿಯ ಬಾಯಿಯವರೆಗೆ ಜೋತುಬಿದ್ದಿತ್ತು. ಚಿನ್ನವೂ ಲೋಹವೇ. ಅವಳ ಎದೆಯ ಮೇಲೆ ಗುಂಡಿನ ಆಕಾರದ ಸುಟ್ಟ ಗುರುತು ಕೆಂಪಗೆ ಎದ್ದಿತ್ತು.

ಮಾರನೆಯ ದಿನ ಅವಳು ಕಾರ್ಖಾನೆಯ ಅಭ್ಯಾಸದಂತೆ ಕೆಲಸಕ್ಕೆ ಕೂರುವ ಮುನ್ನ ಮೈಮೇಲಿನ ಲೋಹವನ್ನೆಲ್ಲ ತೆಗೆದಳು. ಓಲೆ, ಉಂಗುರ, ಕಾಲುಂಗುರ, ಕೊನೆಗೆ ಮಾಂಗಲ್ಯ. ಎಲ್ಲವನ್ನೂ ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿದಳು. ಹೂವಿನವಳಿಗೆ ಬಾಗಿಲು ತೆಗೆಯಲು ಬಂದ ಅಜ್ಜಿಯ ಕಣ್ಣಿಗೆ ಅದು ಬಿತ್ತು. ಅವರು ಹೂ ತೆಗೆದುಕೊಳ್ಳಲಿಲ್ಲ. ಬಾಗಿಲು ಮುಚ್ಚಿ, ನೇರ ಅಮ್ಮನ ಮುಂದೆ ಬಂದು ನಿಂತರು. ನನ್ನನ್ನು ಕರೆಯಲಿಲ್ಲ.

"ಸರೋಜ. ಏನದು ಮೊಳೇಲಿ?"

ಎಷ್ಟೋ ವರ್ಷಗಳ ಮೇಲೆ ಅವರು ಅವಳ ಹೆಸರು ಹಿಡಿದು ಮಾತಾಡಿಸಿದ್ದು. ಅಮ್ಮ ಎದ್ದು ನಿಂತಳು.

"ಸುಡತ್ತೆ ಅತ್ತೆ. ಕೆಲಸ ಮಾಡೋವಾಗ ಮಾತ್ರ."

"ಗಂಡ ಬೆಳಿಗ್ಗೆ ಊಟ ಮಾಡಿ ಆಫೀಸಿಗೆ ಹೋಗಿದಾನೆ. ಅವನು ಮನೆಗೆ ಬರೋದು ಬೇಡ್ವಾ ನಿನಗೆ?"

"ಅತ್ತೆ, ಹಾಗೆಲ್ಲ ಅನ್ಬೇಡಿ."

"ನಾನು ಅನ್ಬಾರ್ದು, ನೀನು ತೆಗೀಬಹುದು! ನಂದು ತೆಗೆಸಿದಾಗ ಯಾರೂ ನನ್ನ ಕೇಳ್ಲಿಲ್ಲ. ನೀನು ನಿನ್ನ ಕೈಯಾರೆ ತೆಗೆದು ಕ್ಯಾಲೆಂಡರಿಗೆ ಹಾಕ್ತೀಯ."

ಅಜ್ಜಿಯ ದನಿ ಏರಿ ಏರಿ ದಮ್ಮಿನಲ್ಲಿ ಸಿಕ್ಕಿಕೊಂಡಿತು. ಗೋಡೆ ಹಿಡಿದು ಉಸಿರೆಳೆದರು. ಅಮ್ಮ ನೀರು ತರಲು ಒಳಗೆ ಓಡಿದವಳು ಅಡುಗೆಮನೆಯ ಹೊಸಿಲ ಮುಂದೆ ನಿಂತುಬಿಟ್ಟಳು. ನಾನು ಒಳಗೆ ಹೋಗಿ ನೀರು ತಂದೆ. ಅದನ್ನು ಅಜ್ಜಿಯೂ ನೋಡಿದರು. ನೀರು ಕುಡಿದು, ಸುಧಾರಿಸಿಕೊಂಡು, ಎದೆಯ ಗುರುತನ್ನು ತೋರಿಸು ಎಂದರು. ಅಮ್ಮ ಸೆರಗು ಸರಿಸಿದಳು. ಅಜ್ಜಿ ಮುಟ್ಟಲಿಲ್ಲ, ಆದರೆ ಬಹಳ ಹತ್ತಿರದಿಂದ ನೋಡಿದರು.

ಮರುದಿನ ಬೆಳಿಗ್ಗೆ ಅಪ್ಪ ಬ್ಯಾಂಕಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಅಜ್ಜಿ ಒಂದು ತಟ್ಟೆ ತಂದು ಹೊಸಿಲ ಮೇಲಿಟ್ಟರು. ಅದರಲ್ಲಿ ಅರಿಶಿನ ಹಚ್ಚಿದ ದಾರ, ದಾರಕ್ಕೆ ಕಟ್ಟಿದ ಒಂದು ಅರಿಶಿನದ ಕೊಂಬು. ತಾಳಿ ಸರ ತುಂಡಾಗಿ ಅಕ್ಕಸಾಲಿಗನ ಹತ್ತಿರ ಹೋದಾಗ ಹೆಂಗಸರು ಹಾಗೆ ಕಟ್ಟಿಕೊಳ್ಳುವುದುಂಟು.

"ಇದು ಸುಡಲ್ಲ ತಾನೆ? ಬೇರು," ಎಂದರು ಅಜ್ಜಿ. "ನಾನು ಕಟ್ಟೋ ಹಾಗಿಲ್ಲ. ಚಪ್ಪಲಿ ಬಿಟ್ಟು ಬಂದು ನೀನು ಕಟ್ಟು. ಆಮೇಲೆ ಅವಳು ಆ ಸರ ತೆಗೆದು ದೇವರ ಮುಂದೆ ಇಡಲಿ. ಮೊಳೆಗಲ್ಲ."

ಅಪ್ಪ ಚೀಲ ಕೆಳಗಿಟ್ಟು, ಕೈ ತೊಳೆದು, ಅಮ್ಮನ ಕತ್ತಿನ ಹಿಂದೆ ಗಂಟು ಹಾಕಲು ಪರದಾಡಿದರು.

"ಎರಡನೇ ಸಲ ಕಟ್ತಿದೀನಿ. ಈ ಸಲ ಊಟ ಹಾಕ್ಸೋರು ಯಾರು?"

"ಮಜ್ಜಿಗೆ ಅನ್ನ ಇದೆ, ತಿಂದು ಹೋಗು," ಎಂದರು ಅಜ್ಜಿ. ಅವರ ಮುಖದಲ್ಲಿ ನಗೆಯಿರಲಿಲ್ಲ, ಆದರೆ ನಗೆ ಬರಬಾರದೆಂದು ತಡೆದುಕೊಂಡವರ ಹಾಗಿತ್ತು.

ಪಾತ್ರೆಗೆ ದೊಡ್ಡ ಸುರುಳಿ ಬೇಕಿತ್ತು. ಕಬ್ಬಿಣ ಕಾದಷ್ಟು ಸುಲಭಕ್ಕೆ ಹಿತ್ತಾಳೆ ಕಾಯುವುದಿಲ್ಲ, ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಸುರುಳಿಯೇ ಸುಟ್ಟುಹೋಗುತ್ತದೆ. ಅದಕ್ಕೆ ಅಮ್ಮ ತಂತಿ ಬಿಟ್ಟು ತಾಮ್ರದ ಕೊಳವೆ ತಂದಳು, ಅದರೊಳಗೆ ತಣ್ಣೀರು ಹರಿಯುತ್ತಿದ್ದರೆ ಸುರುಳಿ ತಣ್ಣಗಿರುತ್ತದೆ. ಬರೀ ಕೊಳವೆಯನ್ನು ಬಗ್ಗಿಸಿದರೆ ಅದು ಮುದುರಿ ಚಪ್ಪಟೆಯಾಗುತ್ತದೆ. ಒಳಗೆ ನುಣ್ಣನೆಯ ಮರಳು ತುಂಬಿ, ಬಗ್ಗಿಸಿ, ಆಮೇಲೆ ಮರಳು ಉದುರಿಸಬೇಕು. ಮರಳು ಇರಲಿಲ್ಲ. ಬಾಗಿಲ ಹಿಂದೆ ರಂಗೋಲಿ ಪುಡಿಯ ಡಬ್ಬಿ ಇತ್ತು. ಅದಕ್ಕಿಂತ ನುಣುಪು ಬೇಕೇ? ಕೊಳವೆಗೆ ರಂಗೋಲಿ ಪುಡಿಯನ್ನು ಕುಟ್ಟಿ ಕುಟ್ಟಿ ತುಂಬಿದೆವು. ಅಮ್ಮ ಒಂದು ಹಳೆಯ ಹಾಲಿನ ಪುಡಿಯ ಡಬ್ಬಕ್ಕೆ ಅದನ್ನು ಒತ್ತಿ ಸುತ್ತಿದಳು. ಒಂದು ಸುಕ್ಕು ಬೀಳಲಿಲ್ಲ. ಸುತ್ತು ಸುತ್ತಿನ ನಡುವಿನ ಸಂದಿ ಕೂಡ ಒಂದೇ ಸಮ. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು. ಆ ಮುಖ ನನಗೆ ಬೇಕು. ಕೊನೆಗೆ ಆಸ್ಪತ್ರೆಯಲ್ಲಿ ನೋಡಿದ ಮುಖವಲ್ಲ, ಅದು.

ಅಟ್ಟದ ಮೇಲೊಂದು ಬಿಂದಿಗೆ, ಅದರಿಂದ ರಬ್ಬರ್ ನಳಿಗೆ, ನಳಿಗೆಯಿಂದ ಸುರುಳಿ, ಸುರುಳಿಯಿಂದ ಕೆಳಗಿನ ಬಕೆಟ್ಟಿಗೆ. ಮೇಲಿನ ಬಿಂದಿಗೆ ಖಾಲಿಯಾಗದಂತೆ ನೀರು ಹುಯ್ಯುತ್ತಿರಬೇಕು. ಆ ಕೆಲಸಕ್ಕೆ ನಾನು ನಿಂತಿದ್ದೆ, ಆದರೆ ಅಜ್ಜಿ ಬಂದು ನನ್ನ ಕೈಯಿಂದ ಚೊಂಬು ಕಿತ್ತುಕೊಂಡರು. "ನೀನು ಚೆಲ್ತೀಯ. ಕರೆಂಟು ಇರೋ ಜಾಗ." ಮಣೆಯ ಮೇಲೆ ಹತ್ತಿ ನಿಂತರು. ಸುರುಳಿಯೊಳಗೆ ಒಬ್ಬರಿಗಾಗುವಷ್ಟು ಸಾರು ಹಿಡಿಯುವ ಚಿಕ್ಕ ಹಿತ್ತಾಳೆ ತಪ್ಪಲೆ. ಅಮ್ಮ ಸ್ವಿಚ್ಚು ಒತ್ತಿದಳು. ಸದ್ದು ಬಂತು. ತಪ್ಪಲೆ ಬೆಚ್ಚಗಾಯಿತು, ಬಿಸಿಯಾಯಿತು. ಅಜ್ಜಿ ಹುಯ್ದರು. ನೀರು ಮೇಲಿನಿಂದ ಉಕ್ಕಿ ಅಟ್ಟದ ತುಂಬ ಹರಿಯಿತು.

"ಸರೋಜ, ಬಕೆಟ್ಟಿಗೆ ನೀರು ಬೀಳ್ತಾ ಇಲ್ಲ."

ಅಮ್ಮ ಬಗ್ಗಿ ನೋಡುವಷ್ಟರಲ್ಲಿ ಪಟಾಕಿಯಂತೆ ಢಂ ಎಂದಿತು. ಫ್ಯಾನು ನಿಂತಿತು, ಬೀದಿಯಾಚೆಯ ಹಿಟ್ಟಿನ ಗಿರಣಿಯೂ ನಿಂತಿತು. ಟ್ರಾನ್ಸಿಸ್ಟರು ಸೀಳಿ ಕಪ್ಪು ಹೊಗೆ ಬರುತ್ತಿತ್ತು. ಅಜ್ಜಿ ಮಣೆಯಿಂದ ಇಳಿದು ಹೊರಗೆ ಹೋಗಿ ಗಿರಣಿಯವನಿಗೆ, "ಏನಿಲ್ಲಪ್ಪ, ನಮ್ಮನೇಲಿ ಕಲಾಯಿ ಹಾಕ್ತಿದಾರೆ," ಎಂದು ಹೇಳಿ ಬಾಗಿಲು ಹಾಕಿಕೊಂಡು ಬಂದರು. ಅಮ್ಮ ಕೊಳವೆಯನ್ನು ಬಿಚ್ಚಿ ತುದಿಯನ್ನು ಅಂಗೈಗೆ ತಟ್ಟಿದಳು. ನೆನೆದ ರಂಗೋಲಿ ಪುಡಿ ಗಟ್ಟಿ ಉಂಡೆಯಾಗಿ ಬಿತ್ತು. ಉದುರಿತೆಂದುಕೊಂಡಿದ್ದ ಪುಡಿ ಒಳತಿರುವುಗಳಲ್ಲಿ ಕೂತಿದ್ದು, ನೀರು ತಾಗಿ ಮುದ್ದೆಯಾಗಿ ದಾರಿ ಕಟ್ಟಿತ್ತು. ಅವಳು ನೆಲದ ಮೇಲೆ ಕೂತಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಮೇಜಿನ ಕಡೆ ನೋಡುತ್ತ, ಸಾಕು, ಇನ್ನು ಬೇಡ ಎಂದಳು, ಯಾರಿಗೂ ಅಲ್ಲದ ಹಾಗೆ.

ಅಜ್ಜಿ ಒದ್ದೆ ಸೀರೆಯಲ್ಲೇ ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತರು.

"ನಾಳೆ ಪುಟ್ಟಿ ಜೊತೆ ಹೋಗಿ ಆ ಕಪ್ಪು ಹುಳ ಇನ್ನೆರಡು ತಗೊಂಡು ಬಾ. ಹಬ್ಬದ ದಿನ ರಂಗೋಲಿ ಹಾಕೋಕೂ ಬರಲ್ಲ ನಿಂಗೆ, ಅದನ್ನ ಕೊಳವೆಗೆ ತುಂಬೋಕೆ ಹೋದೆ."

ಆ ಮಾತಿನಲ್ಲಿ ಎಷ್ಟು ಬೈಗುಳ, ಎಷ್ಟು ಬೇರೆ ಏನೋ ಎಂದು ಅಮ್ಮ ಅಳೆಯುತ್ತಿದ್ದಳು. ನನಗೆ ಕಾಣಿಸುತ್ತಿತ್ತು. ಆಮೇಲೆ ಎದ್ದು ಕೊಳವೆಯನ್ನು ಬಚ್ಚಲಿಗೆ ಒಯ್ದಳು. ಅಜ್ಜಿ ನೀರು ಹುಯ್ದರು, ಅಮ್ಮ ಬಾಯಿಟ್ಟು ಊದಿದಳು, ಬಿಳಿಯ ನೀರು ತಿಳಿಯಾಗುವವರೆಗೆ.

ಕೊನೆಗೆ ಕಲಾಯಿ ಕೂತ ದಿನ ಮೋಡ ಕವಿದ ಮಧ್ಯಾಹ್ನ. ಅಜ್ಜಿ ಹುಣಸೆಹಣ್ಣಿನಲ್ಲಿ ತಪ್ಪಲೆಯನ್ನು ತಿಕ್ಕಿ ಕೆಂಪು ಮಾಡಿ ಕೊಟ್ಟರು. ಅಮ್ಮ ಸುರುಳಿಯೊಳಗಿಟ್ಟು ಕಾಯಿಸಿ, ತವರ ಹಿಡಿಯಲೆಂದು ನವಸಾಗರದ ಪುಡಿ ಉದುರಿಸಿದಾಗ ಬಿಳಿಹೊಗೆ ಎದ್ದಿತು. ದಮ್ಮಿನವರು ಆಚೆ ಹೋಗಿ ಎಂದರೆ ಅಜ್ಜಿ ಸೆರಗು ಮೂಗಿಗೆ ಹಿಡಿದು ಅಲ್ಲೇ ನಿಂತರು. ತವರದ ಕಡ್ಡಿಯನ್ನು ತಳಕ್ಕೆ ತಾಗಿಸಿದಾಗ ಅದು ಒಂದು ಹನಿಯಾಗಿ ನಡುಗಿ ಜಾರಿತು. ಅಮ್ಮ ಹತ್ತಿಯ ಉಂಡೆಯಿಂದ ಒಂದೇ ಸಮನೆ ಒರೆಸಿದಳು. ಬೆಳ್ಳಿ ಹಾದಿ ಹರಡಿತು. ಮುದುಕನ ಕೆಲಸದಷ್ಟು ನಯವಿರಲಿಲ್ಲ, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಆದರೆ ಹಿತ್ತಾಳೆ ಎಲ್ಲೂ ಕಾಣುತ್ತಿರಲಿಲ್ಲ. ಅಜ್ಜಿ ಅದರಲ್ಲಿ ಹುಣಸೆನೀರು ಹಾಕಿ ಸಂಜೆಯವರೆಗೆ ಇಟ್ಟು, ಬೆರಳದ್ದಿ ನಾಲಿಗೆಗೆ ತಾಗಿಸಿ, ಕಣ್ಣುಮುಚ್ಚಿ ನಿಂತರು. ನಾವು ಮೂವರೂ ಅವರ ಮುಖ ನೋಡುತ್ತಿದ್ದೆವು.

"ಕಿಲುಬಿಲ್ಲ," ಎಂದರು. ಆಮೇಲೆ ಅಮ್ಮನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ಸ್ನಾನ ಮಾಡಿ ಬಾ. ಹಗ್ಗದ ಮೇಲೆ ನನ್ನ ಇನ್ನೊಂದು ಮಡಿಸೀರೆ ಒಣಗಿದೆ. ಸಾರು ನೀನೇ ಮಾಡು, ನಂಗೆ ನಿಲ್ಲೋಕಾಗಲ್ಲ," ಎಂದರು.

ಅಮ್ಮ ಗೆದ್ದಳು ಎಂದು ಅಪ್ಪ ನನ್ನ ಕಿವಿಯಲ್ಲಿ ಹೇಳಿದರು. ನಾನೂ ಹಾಗೆಯೇ ತಿಳಿದಿದ್ದೆ. ಬೆಳಿಗ್ಗೆ ಅವಳು ಒದ್ದೆ ಕೂದಲಿನ ತುದಿಗೆ ಗಂಟು ಹಾಕಿ ಆ ಹೊಸಿಲು ದಾಟಿದಾಗ ಬಲಗಾಲು ಮೊದಲಿಟ್ಟಳು, ಹೊಸದಾಗಿ ಮನೆಗೆ ಬಂದವಳ ಹಾಗೆ. ಅಜ್ಜಿ ಮಣೆಯ ಮೇಲೆ ಕೂತು ಹೇಳಿಕೊಟ್ಟರು, ಅಮ್ಮ ಮಾಡಿದಳು. ಅಜ್ಜಿ ಅನ್ನಕ್ಕೆ ಸಾರು ಹಾಕಿಸಿಕೊಂಡು ಉಂಡರು, ಎರಡನೆಯ ಸಲವೂ ಹಾಕಿಸಿಕೊಂಡರು. ಮರುದಿನವೂ ನಿಲ್ಲಲು ಆಗಲಿಲ್ಲ. ಅದರ ಮರುದಿನವೂ. ಅಜ್ಜಿ ನಾಟಕವಾಡುತ್ತಿರಲಿಲ್ಲ, ಅವರಿಗೆ ನಿಜವಾಗಿಯೂ ಆಗುತ್ತಿರಲಿಲ್ಲ. ಇಷ್ಟು ದಿನ ಯಾರಿಗೂ ಬಿಟ್ಟುಕೊಡಬಾರದೆಂದು ಗಟ್ಟಿಯಾಗಿ ನಿಂತಿದ್ದವರು, ಬಿಟ್ಟುಕೊಡಲು ಒಬ್ಬಳು ಸಿಕ್ಕ ಕೂಡಲೇ ಕೂತುಬಿಟ್ಟರು. ಮಿಕ್ಕ ಪಾತ್ರೆಗಳಿಗೂ ಕಲಾಯಿ ಹಾಕುವುದು, ಇನ್ನೂ ದೊಡ್ಡ ಸುರುಳಿ ಸುತ್ತುವುದು, ಎಲ್ಲ ಮುಂದಕ್ಕೆ ಹೋಯಿತು. ಅಡುಗೆ ಮುಗಿಯುವ ಹೊತ್ತಿಗೆ ಮಧ್ಯಾಹ್ನ, ಪಾತ್ರೆ ತೊಳೆಯುವ ಹೊತ್ತಿಗೆ ಸಂಜೆ. ಮುಂದಿನ ಕೋಣೆಯ ಮೇಜಿನ ಮೇಲೆ ಮೊದಲು ನನ್ನ ಶಾಲೆಯ ಪುಸ್ತಕ ಬಂತು, ಆಮೇಲೆ ಅಪ್ಪನ ಪೇಪರ್, ಆಮೇಲೆ ಒಗೆದ ಬಟ್ಟೆ. ಯಾರೂ ಆ ಮೇಜನ್ನು ಅವಳಿಂದ ಕಿತ್ತುಕೊಳ್ಳಲಿಲ್ಲ.

ಹೀಗಿರುವಾಗ ಒಂದು ದಿನ ಮೇರಿ ಆಂಟಿ ಬಂದರು. ಕಾರ್ಖಾನೆಯ ಹಾಲಿನಲ್ಲಿ ಅಮ್ಮನ ಪಕ್ಕದ ಕುರ್ಚಿಯವರು. ಅವರೂ ಇನ್ನೊಂದಿಬ್ಬರು ಹಳೆಯ ಹೆಂಗಸರೂ ಸೇರಿ ರಾಜಾಜಿನಗರದಲ್ಲಿ ಒಂದು ಶೆಡ್ಡು ಹಿಡಿದಿದ್ದರು, ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವ ಕೆಲಸ ಬರತೊಡಗಿತ್ತು. ಕುರ್ಚಿಯ ತುದಿಯಲ್ಲಿ ಕೂತು ಕಾಫಿ ಕುಡಿಯುತ್ತ ಒಂದೇ ಉಸಿರಿಗೆ ಹೇಳಿದರು.

"ಬಂದ್ಬಿಡು ಸರೋ. ಹುಡುಗೀರ್ನ ಇಟ್ಕೊಂಡು ನೋಡಿದ್ವಿ, ತಂತಿ ಹರೀತಾರೆ. ನಿನ್ನ ಟೇಬಲ್ಲು ಖಾಲಿ ಇಟ್ಟಿದೀನಿ, ಯಾರ್ನೂ ಕೂರ್ಸಿಲ್ಲ. ಏನು ನೋಡ್ತಿದೀಯ, ಹೂಂ ಅನ್ನು."

ಅಡುಗೆಮನೆಯಿಂದ ಅಜ್ಜಿ ಕೆಮ್ಮುವುದು ಕೇಳಿಸಿತು. ಅವರು ಕೇಳಿಸಿಕೊಳ್ಳುತ್ತಿದ್ದರು. ಕೆಮ್ಮು ನಿಂತ ಮೇಲೆ, "ಹೋಗೋದಾದ್ರೆ ಹೋಗು ಸರೋಜ, ನಂಗೇನು, ಮಜ್ಜಿಗೆ ಇದೆ," ಎಂಬ ಮಾತು ಬಂತು. ಅದು ಚುಚ್ಚಲು ಆಡಿದ ಮಾತಲ್ಲ. ಹೆದರಿದ ದನಿ. ಅಷ್ಟು ಹೆದರಿದ ದನಿ ಅಜ್ಜಿಯದೆಂದು ನಾನು ಮೊದಲು ನಂಬಲಿಲ್ಲ.

ಅಮ್ಮ ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತ ಕೂತಿದ್ದಳು.

"ಈಗಾಗಲ್ಲ ಮೇರಿ. ನೋಡ್ತಿದೀಯಲ್ಲ."

"ಈಗಲ್ದೆ ಇನ್ಯಾವಾಗ?"

"ನೋಡೋಣ."

ಮೇರಿ ಆಂಟಿಗೆ ಅರ್ಥವಾಯಿತು. ಅವರು ಎದ್ದು ಅಮ್ಮನ ಕೈಗಳನ್ನು ಹಿಡಿಯಲು ಹೋಗಿ, ಅವಳ ಮಡಿಸೀರೆ ನೋಡಿ ಬಿಟ್ಟರು. ಅಮ್ಮ ಅವರ ಜೊತೆ ರಸ್ತೆಯ ತಿರುವಿನವರೆಗೆ ಹೋಗಿ ಆಟೋ ಹತ್ತಿಸಿದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆಟೋ ಹೋದ ಮೇಲೂ ಅವಳು ಬಹಳ ಹೊತ್ತು ಅಲ್ಲೇ ನಿಂತಿದ್ದಳು, ಬಸ್ಸಿಗೆ ಕಾಯುವವರ ಹಾಗೆ ರಸ್ತೆಯ ಆ ಕಡೆಗೆ ಮುಖ ಮಾಡಿ. ಆಮೇಲೆ ನಿಧಾನಕ್ಕೆ ಬಂದಳು.

"ಯಾಕಮ್ಮ ಹೋಗಲ್ಲ ಅಂದೆ?" ಎಂದು ಕೇಳಿದೆ.

"ಹೋಗಲ್ಲ ಅಂದ್ನಾ? ನೋಡೋಣ ಅಂದೆ."

ಅವಳು ನನ್ನ ತಲೆ ಸವರಲು ಕೈಯೆತ್ತಿದವಳು, ಅಡುಗೆ ಇನ್ನೂ ಅರ್ಧ ಉಳಿದಿದೆಯೆಂದು ನೆನಪಾಗಿ ಕೈ ಹಿಂದೆ ತೆಗೆದುಕೊಂಡಳು. ಪಕ್ಕದ ಓಣಿಯಿಂದ ಹಿತ್ತಿಲಿಗೆ ಹೋಗಿ, ನಲ್ಲಿ ತಿರುಗಿಸಿ, ಬೀದಿಯ ಧೂಳೆಲ್ಲ ಹೋಗುವವರೆಗೆ ಕಾಲು ತೊಳೆದುಕೊಂಡು, ಅಡುಗೆಮನೆಯೊಳಗೆ ಹೋದಳು.